ಕಾವು ಕೆತ್ತುವ ಕಾಯಕ



ಶಿವಮೊಗ್ಗೆಯ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ತೊಡಗಿದ ಕಬ್ಬಿಣದ ಕಾರ್ಖಾನೆಯು ಮೊದಲು ಅದಿರನ್ನು ಕರಗಿಸಿದುದು ಮಲೆನಾಡಿನ ಮರದ ಇದ್ದಲಿನಿಂದ. ಮರದ ನೆರವಿನಿಂದ ಹುಟ್ಟಿದ ಕಬ್ಬಿಣವು ಕೊಡಲಿಯಾದ ಮೇಲೆಯೂ ಮರದ ಕಾವಿಲ್ಲದೆ ದುಡಿಯಲಾರದು.

ಕಾವನ್ನು ಮಾಡಲು ಲೇತುಯಂತ್ರವೇ ಬೇಕೆಂದು ಕೆಲವರು ತಿಳಿದಿರುವರು. ಆದರೆ ತಿರುಗುವ ಯಂತ್ರವು ಸಾಮಾನ್ಯವಾಗಿ ಎಲ್ಲವನ್ನೂ ಗುಂಡಾಗಿಸುವುದು. ಗುಂಡು ಕಾವು ಅಂಗೈಯಲ್ಲಿ ಹೊರಳುವುದು. ಕೊಡಲಿಯ ಬಾಯಿ ಗುರಿತಪ್ಪಿ ಕಾಲಿಗೆ ಬೀಳುವುದು. ಮೊಟ್ಟೆಯಾಕಾರದ ಕಾವಾದರೋ, ಬಾಯಿ ಯಾವ ಕಡೆಗಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಕೈಗೆ ತಿಳಿಸುವುದು.

ಆದುದರಿಂದ ದಿಂಡಿಗ ಅಥವಾ ತಡಸಲು ಮರವನ್ನು ಗರಗಸದಿಂದ ಕೊಯ್ಯದೆ, ಎಳೆಯ ಜಾಡಿನಲ್ಲಿಯೇ ಸೀಳಿ, ನೆರಳಿನಲ್ಲಿ ಒಣಗಿಸಬೇಕು. ಬಾಚಿಯಿಂದ ಮೊದಲು ಚೌಕಮಾಡಿ, ಮೂಲೆಗಳನ್ನು ತೆಗೆದು ಎಂಟು ಮುಖ, ಬಳಿಕ ಹದಿನಾರು ಮುಖ ಮಾಡಬೇಕು. ಕಡೆಗೆ ಅರದಿಂದ ತೀಡಿ, ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಸವರಬೇಕು. ನಡುನಡುವೆ ಹಿಡಿದು ನೋಡುವುದೇ ಇದರ ಅಳತೆಗೋಲು.

ಎಳೆ ಅಡ್ಡಹಾಯ್ದ ಕಾವು ಒಂದು ದಿನ ಮುರಿದೇ ಮುರಿಯುವುದು. ಸಣ್ಣ ಬಿರುಕನ್ನು ಮೇಣದಿಂದ ಮುಚ್ಚಿ ಮಾರಿದರೆ ಕೊಳ್ಳುವವನಿಗೆ ಕಾಣದು. ಗಾಯವಾಗುವುದು ಮಾತ್ರ ಅವನಿಗೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣನವರು ತಮ್ಮ ಹತ್ಯಾರದ ಹೆಸರಿನಿಂದಲೇ ಪ್ರಸಿದ್ಧರು. ಅಂಥವರ ಪರಂಪರೆಯಲ್ಲಿ ಬಿರುಕನ್ನು ಕಂಡ ಕೈ ಆ ಕಟ್ಟಿಗೆಯನ್ನು ಒಲೆಗೆ ಹಾಕಬೇಕು, ಸಂತೆಗೆ ಒಯ್ಯಬಾರದು. ಕಾಣದ ಕೈಯೊಂದರ ಕ್ಷೇಮವನ್ನು ನೆನೆದು ಕೆತ್ತುವುದೇ ಕಾಯಕವು.