ಮೂತ್ರಪಿಂಡಗಳ ಮನೆವಾರ್ತೆ

ಗುಂಡಿಗೆಯನ್ನು ಕುರಿತು ಮಾತನಾಡದವರಿಲ್ಲ. ಬೆನ್ನಿನ ಎರಡು ಮಗ್ಗುಲಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಹಗಲಿರುಳೂ ದುಡಿಯುವ ಮೂತ್ರಪಿಂಡಗಳನ್ನು ನೆನೆಯುವವರು ವಿರಳ. ಮುಷ್ಟಿಯಷ್ಟೇ ಗಾತ್ರದ ಈ ಜೋಡಿ ಅವಯವಗಳಿಗೆ, ಗುಂಡಿಗೆಯು ತಳ್ಳುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಸಲ್ಲುತ್ತದೆಂದರೆ ಕೇಳುಗರು ಬೆರಗಾದಾರು.

ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳುಂಟು. ಇವೆಲ್ಲವೂ ಕೂಡಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಹೊರಬೀಳುವ ಮೂತ್ರವಾದರೋ ಒಂದೂವರೆ ಲೀಟರು. ಮಿಕ್ಕುದೇನಾಯಿತು? ನೀರು, ಉಪ್ಪು, ಸಕ್ಕರೆಗಳನ್ನು ಸಣ್ಣ ನಾಳಗಳು ಹೀರಿ ರಕ್ತಕ್ಕೇ ಮರಳಿ ಒಪ್ಪಿಸುತ್ತವೆ. ಮನೆಯ ಸಾಮಾನನ್ನೆಲ್ಲ ಬೀದಿಗಿಟ್ಟು ಬೇಕಾದುದನ್ನಷ್ಟೇ ಒಳಗೆ ತರುವ ಈ ಕ್ರಮ ನಮಗೆ ದುಂದೆಂದು ತೋರಬಹುದು. ಆದರೆ ಹಿಂದೆಂದೂ ಕಾಣದ ಕಶ್ಮಲವೂ ಹೊರಗೇ ಉಳಿಯುವುದಕ್ಕೆ ಇದಕ್ಕಿಂತ ಜಾಣತನದ ಉಪಾಯವನ್ನು ನಾವು ಕಾಣೆವು.

ಇವು ಸೋಲುವುದು ಸದ್ದಿಲ್ಲದೆ. ಮಧುಮೇಹವೋ ರಕ್ತದ ಒತ್ತಡವೋ ಶೋಧಕಗಳನ್ನು ವರ್ಷಗಟ್ಟಲೆ ಕೆಡಿಸುತ್ತಿದ್ದರೂ, ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುವವರೆಗೆ ರೋಗಿಗೆ ಏನೂ ತಿಳಿಯದೆ ಇರಬಹುದು. ಆಮೇಲೆ ಕಾಲೂತ, ವಾಕರಿಕೆ, ಬಿಳಿಚಿಕೊಂಡ ಮುಖ. ಕಡೆಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಗುಂಡಿಗೆಯೇ ನಿಲ್ಲುವ ಭಯ.

1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ, ವೈದ್ಯ ವಿಲೆಂ ಕಾಲ್ಫ್ ಸೆಲೊಫೇನ್ ಕೊಳವೆಯನ್ನು ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡವೊಂದನ್ನು ಮಾಡಿದನು. ಮೊದಲ ರೋಗಿಗಳಲ್ಲಿ ಬಹುಮಂದಿ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಎಚ್ಚರಗೊಂಡು ಬದುಕಿದಳು. ಇಂದು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸುಮಾರು ನಾಲ್ಕು ಗಂಟೆಯಂತೆ, ಯಂತ್ರವು ರಕ್ತವನ್ನು ತೊಳೆಯುತ್ತದೆ. ತೊಳೆಯುವುದಷ್ಟೇ ಅದರ ಕೆಲಸ. ಕೆಂಪು ರಕ್ತಕಣಗಳನ್ನು ಹುಟ್ಟಿಸೆಂದು ಮಜ್ಜೆಗೆ ಆಜ್ಞೆಮಾಡುವ ರಸವನ್ನು ಅದು ತಯಾರಿಸಲಾರದು, ಅದನ್ನು ಸೂಜಿಯಿಂದಲೇ ಕೊಡಬೇಕು.