ಟಕ್ ಟಕ್ ಸದ್ದಿನ ಹಿಂದೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ಕಾರಿನ ಸಸ್ಪೆನ್ಶನ್ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕಿರಿ. ನಗಿ, ತಪ್ಪಿಲ್ಲ. ಆದರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಾಡಿ ಓಡಿಸುತ್ತೇವೆ. ಸದ್ದು ಬಂದರೆ ಮಾತ್ರ "ಮನೆಯವರಿಗೆ ಹೇಳೋಣ" ಅನ್ನುತ್ತೇವೆ. ನಾನೂ ಹಾಗೇ ಇದ್ದೆ.

ನಮ್ಮದು ಏಳು ಸೀಟಿನ, ಎಂಟು ವರ್ಷ ಹಳೆಯ ಎಸ್‌ಯುವಿ. ಅವ್ವ ಇರುವುದು ಬೀದರದಲ್ಲಿ. ಸೊಂಟದ ಆಪರೇಷನ್ ಆದ ಮೇಲೆ ತಿಂಗಳಿಗೊಮ್ಮೆ ಇಲ್ಲಿ ಡಾಕ್ಟರಿಗೆ ತೋರಿಸಬೇಕು. ಅಮೀರ್‌ಪೇಟ್‌ನಿಂದ ಎರ್ರಗಡ್ಡ, ಮಿಯಾಪುರ, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಬೀದರಕ್ಕೆ ಸುಮಾರು 140 ಕಿಲೋಮೀಟರ್. ಕರೆತರುವವಳು, ಬಿಡುವವಳು ನಾನೇ. ಒಂದು ದಿನ ಹಿಂದಿನ ಸೀಟಿನಿಂದ ಅವ್ವ, "ಯವ್ವಾ, ಗಾಡಿ ಕಾಲೂ ನನ್ನ ಕಾಲಿನಂಗ ಟಕ್ ಅಂತದಲ್ಲ" ಅಂದಳು. ಅಲ್ಲಿಂದ ಕಿವಿ ತೆರೆಯಿತು.

ಮೊದಲು ಒಂದು ವರ್ಕ್‌ಶಾಪಿಗೆ ಹೋದೆ. ಸದ್ದು ಹೇಗಿದೆ ಅಂತ ಕೇಳಲಿಲ್ಲ. "ಸರ್‌ಗೆ ಫೋನ್ ಕೊಡಿ ಮೇಡಂ" ಅಂದರು. ನಾಲ್ಕೂ ಶಾಕ್ ಅಬ್ಸಾರ್ಬರ್, ಎರಡೂ ಲೋಯರ್ ಆರ್ಮ್ ಸೇರಿ 38 ಸಾವಿರದ ಎಸ್ಟಿಮೇಟ್ ಕೈಗಿಟ್ಟರು. ನನಗೆ ರೇಗಿತು. ನಾನೇ ಪತ್ತೆ ಮಾಡುತ್ತೇನೆ ಅಂತ ಹೊರಟೆ.

ಮೊದಲ ಕೆಲಸ, ಗಾಡಿ ಪೂರ್ತಿ ಖಾಲಿ ಮಾಡಿದ್ದು. ಡಿಕ್ಕಿಯಲ್ಲಿ ಜ್ಯಾಕು, ಪಾನಾ, ಅವ್ವ ಕಳಿಸಿದ ಸ್ಟೀಲ್ ಡಬ್ಬಿ ಎಲ್ಲ ಇದ್ದವು. ಅರ್ಧ ಸದ್ದು ಅಲ್ಲೇ ಹೋಯಿತು! ಉಳಿದದ್ದನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಹೋದೆ: ಎಷ್ಟು ವೇಗದಲ್ಲಿ, ಎಡವೋ ಬಲವೋ, ಬ್ರೇಕ್ ಒತ್ತಿದಾಗಲೋ, ಸ್ಟೀರಿಂಗ್ ತಿರುಗಿಸಿದಾಗಲೋ.

ಸದ್ದಿಗೆ ಸದ್ದಿಗೆ ವ್ಯತ್ಯಾಸವಿದೆ. ನಿಧಾನ ಹೋಗುವಾಗ ಸಣ್ಣ ತಗ್ಗುಗಳಲ್ಲಿ ಟಕ್ ಟಕ್ ಅಂದರೆ ಹೆಚ್ಚಾಗಿ ಸ್ಟೆಬಿಲೈಸರ್ ಲಿಂಕ್. ಎಡ ಬಲದ ಚಕ್ರಗಳು ಒಂದೇ ಸಲ ಏರದೆ ಒಂದಾದ ಮೇಲೊಂದು ಏರಿದಾಗ ಇದು ಜೋರಾಗುತ್ತದೆ. ಹಳೇ ಬಾಗಿಲಿನಂತೆ ಕಿರ್ರ್ ಅಂದರೆ ರಬ್ಬರ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸದ್ದು ಬಂದರೆ ಸ್ಟ್ರಟ್‌ನ ಮೇಲಿನ ಮೌಂಟ್ ನೋಡಿಸಬೇಕು. ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗಿದರೆ, ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಸೋರಿದ್ದರೆ, ಅದರ ಆಯುಷ್ಯ ಮುಗಿದಿದೆ. ವೇಗ ಏರಿದಂತೆ ಏರುವ ಗುಂಯ್ ಸದ್ದು ಸಸ್ಪೆನ್ಶನ್ನಿನದಲ್ಲ, ಚಕ್ರದ ಬೇರಿಂಗಿನದಿರಬಹುದು.

ನಮ್ಮದು ಟಕ್ ಟಕ್. ಲಿಂಕೇ ಇರಬೇಕು ಅಂತ ತೀರ್ಮಾನಿಸಿ ಪರಿಚಯದವರೊಬ್ಬರು ಹೇಳಿದ ಹಳೇ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. ಅವರು ನನ್ನ ಪುಸ್ತಕ ಓದಿಸಿಕೊಂಡರು, ಪಕ್ಕದಲ್ಲಿ ಕೂತು ಗಲ್ಲಿಯಲ್ಲಿ ಒಂದು ಸುತ್ತು ಹೊಡೆಸಿದರು. ಆಮೇಲೆ ಎರಡೂ ಲಿಂಕ್ ಬಿಚ್ಚಿಟ್ಟು ಅದೇ ಗಲ್ಲಿಯಲ್ಲಿ ತಾವೇ ನಿಧಾನ ಓಡಿಸಿದರು. ಟಕ್ ಟಕ್ ಇಲ್ಲ! ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ. ಆ ವರ್ಕ್‌ಶಾಪ್ ಸುಳ್ಳು ಅಂತ ಮನಸ್ಸಿನಲ್ಲೇ ಬರೆದೂ ಬಿಟ್ಟೆ.

ಹೊಸ ಲಿಂಕ್ ಹಾಕಿಸಿಕೊಂಡು ಮಾರನೇ ದಿನ ಬೆಳಿಗ್ಗೆ ಬೀದರಕ್ಕೆ ಹೊರಡುವುದಿತ್ತು. ಚಾಚಾ ಬಿಡಲಿಲ್ಲ. "ಅಮ್ಮಾ, ಬ್ರೇಕ್ ಹಾಕಿದಾಗ ಎಡಗಡೆ ಒಂದು ಧಡ್ ಅಂತದೆ ಅಂತ ನೀವೇ ಬರೆದೀರಿ, ಅದು ಏನು?" ಅಂದರು. ಹೌದು, ಬರೆದಿದ್ದೆ. ಒಂದೆರಡು ಸಲವಷ್ಟೇ ಬಂದದ್ದು ಅಂತ ಮರೆತಿದ್ದೆ. "ಬೀದರಕ್ಕೆ ಹೋಗಿ ಬಂದು ನೋಡಿಸ್ತೀನಿ" ಅಂದೆ.

ಅವರು ವಾದ ಮಾಡಲಿಲ್ಲ. ಎಡ ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಲೋಯರ್ ಆರ್ಮ್ ಕೊನೆಗೆ ಸರಳು ಹಾಕಿ ಮೀಟಿದರು. "ಕೈ ಇಡಿ" ಅಂದರು. ಇಟ್ಟೆ. ಬಾಲ್ ಜಾಯಿಂಟ್ ಸಡಿಲ ಹಲ್ಲಿನಂತೆ ಅಲ್ಲಾಡಿತು. ಅದರ ರಬ್ಬರ್ ಟೋಪಿ ಹರಿದು, ಗ್ರೀಸ್ ಹೋಗಿ, ನೀರು ದೂಳು ಸೇರಿತ್ತು. ಅದು ಓಡುವಾಗ ಕಳಚಿದರೆ ಚಕ್ರ ಹೊರಗೆ ಮಲಗುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದರೂ ಗಾಡಿ ನಮ್ಮ ಮಾತು ಕೇಳುವುದಿಲ್ಲ. ಹೆದ್ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಅವ್ವ ಇರುವಾಗ! ನನ್ನ ಕೈ ತಣ್ಣಗಾಯಿತು.

ಅಂದರೆ ಆ ವರ್ಕ್‌ಶಾಪಿನವರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಅವರ ಪಟ್ಟಿಯಲ್ಲಿ ಎಡ ಆರ್ಮ್ ಇತ್ತು. ಅವರು ನನ್ನ ಮಾತು ಕೇಳಲಿಲ್ಲ ಅಂತ ನನಗೆ ಸಿಟ್ಟು, ಆ ಸಿಟ್ಟಿನಲ್ಲಿ ಅವರ ಮಾತು ನಾನೂ ಕೇಳಲಿಲ್ಲ.

ಪ್ರಯಾಣ ಎರಡು ದಿನ ಮುಂದೆ ಹೋಯಿತು. ಎರಡು ಲಿಂಕ್, ಎಡಗಡೆ ಆರ್ಮ್, ಕೂಲಿ, ಅಲೈನ್‌ಮೆಂಟ್ ಸೇರಿ 9,400 ರೂಪಾಯಿ. ಶಾಕ್ ಅಬ್ಸಾರ್ಬರ್ ನಾಲ್ಕೂ ಚೆನ್ನಾಗಿದ್ದವು.

ಚಾಚಾ ಹತ್ತಿರ ಕಲಿತ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಬರೀ ಜ್ಯಾಕ್ ನಂಬಿ ಯಾರೂ ಗಾಡಿ ಕೆಳಗೆ ಹೋಗಬಾರದು. ಲಿಂಕ್ ಬದಲಿಸಿದರೆ ಎರಡೂ ಕಡೆ ಬದಲಿಸಿ. ಆರ್ಮಿನ ಬುಷ್ ಬೋಲ್ಟನ್ನು ಚಕ್ರ ನೆಲಕ್ಕೆ ಊರಿ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿಸಬೇಕು. ಮೇಲೆತ್ತಿದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆರ್ಮ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಬರಬೇಡಿ, ಟೈರ್ ಸವೆಯುತ್ತದೆ.

ನನ್ನದೊಂದು ಮಾತು. "ಸರ್‌ಗೆ ಫೋನ್ ಕೊಡಿ" ಅಂದರೆ ಕೊಡಬೇಡಿ. "ಓಡಿಸುವವಳು ನಾನು, ನನಗೇ ತೋರಿಸಿ" ಅನ್ನಿ. ತೋರಿಸಿದಾಗ ಕೈಯಿಟ್ಟು ನೋಡಿ.

ಹೋದ ವಾರ ಅವ್ವನನ್ನು ಕರೆತಂದೆ. ಜಹೀರಾಬಾದ್ ದಾಟುವ ಹೊತ್ತಿಗೆ ಹಿಂದೆ ಸದ್ದಿಲ್ಲ. ತಿರುಗಿ ನೋಡಿದರೆ ನಿದ್ದೆ ಹೋಗಿದ್ದಳು.