ಡಕೋಟಾ, ಚೀತಾ ಮತ್ತು ನಮ್ಮ ಕತ್ತರಿ

ಗೌರವಾನ್ವಿತ ಮಾಜಿ ಸೈನಿಕರೇ, ಅವರ ಕುಟುಂಬದವರೇ, ಕಾಗದದಲ್ಲಿ ವಿಮಾನ ಕಟ್ಟುವ ಗೆಳೆಯರೇ,

ಕಾಶ್ಮೀರ ಯುದ್ಧದ ನಡುವೆ, 1948ರ ಮೇ 24ರಂದು ಒಂದು ಡಕೋಟಾ ವಿಮಾನ ಹಿಮಾಲಯದ ಸಾಲು ದಾಟಿ ಲೇಹ್‌ನಲ್ಲಿ ಇಳಿಯಿತು. ಹತ್ತು ಸಾವಿರ ಅಡಿಗೂ ಮೇಲಿನ ಜಾಗ ಅದು. ಸೋನಮ್ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಕೂಡಿಸಿಕೊಂಡು ಅವಸರದಲ್ಲಿ ಸಮ ಮಾಡಿಸಿದ ನೆಲವೇ ರನ್‌ವೇ. ವಿಮಾನದೊಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡು ಇರಲಿಲ್ಲ. ನಡೆಸಿದವರು ಏರ್ ಕಮೊಡೋರ್ ಮೆಹರ್ ಸಿಂಗ್. ಜೊತೆಗಿದ್ದವರು ನಮ್ಮ ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯ. ಅದಕ್ಕೂ ಮೊದಲು, 1947ರ ಅಕ್ಟೋಬರ್ 27ರಂದು, ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಯೋಧರನ್ನು ದೆಹಲಿಯಿಂದ ಶ್ರೀನಗರಕ್ಕೆ ಇಳಿಸಿದ್ದೂ ಡಕೋಟಾಗಳೇ. ವಾಯುಪಡೆಯವು ಸಾಲದೆ ಖಾಸಗಿ ಕಂಪನಿಗಳ ವಿಮಾನಗಳನ್ನೂ ಓಡಿಸಿದರು. ಪೂಂಛ್‌ಗೆ ಕಾಳು, ಮದ್ದುಗುಂಡು ಒಯ್ದು, ಬರುವಾಗ ನಿರಾಶ್ರಿತರನ್ನು ತುಂಬಿಕೊಂಡು ಬಂದವೂ ಇವೇ. ಬಾಂಬರ್ ಇಲ್ಲದ ಕಡೆ ಇದೇ ವಿಮಾನದ ಬಾಗಿಲಿಂದ ಬಾಂಬುಗಳನ್ನು ಉರುಳಿಸಿದ್ದೂ ಉಂಟು.

ಇಷ್ಟೆಲ್ಲ ಮಾಡಿದ ವಿಮಾನವನ್ನು ನಾವು ಎಷ್ಟು ಸಲ ಕಟ್ಟಿದ್ದೇವೆ? ಮಿಗ್ ಕಟ್ಟುತ್ತೇವೆ, ನ್ಯಾಟ್ ಕಟ್ಟುತ್ತೇವೆ, ತೇಜಸ್ಸಂತೂ ಮನೆಗೊಂದು. ಮೂಗು ಚೂಪು, ರೆಕ್ಕೆ ಚಂದ, ಒಪ್ಪುತ್ತೇನೆ. ಆದರೆ ಯೋಧರನ್ನು ಗೌರವಿಸಲು ಎಂದು ಈ ಕಾರ್ಯಕ್ರಮದ ಕರಪತ್ರದಲ್ಲಿ ಅಚ್ಚು ಹಾಕಿಸಿದ ಮೇಲೆ ಸ್ವಲ್ಪ ಲೆಕ್ಕ ನೋಡಬೇಕು. ಫೈಟರ್ ಹಾರಿಸಿದವರು ಎಷ್ಟು ಮಂದಿ, ಡಕೋಟಾ, ಆಟರ್, ಪ್ಯಾಕೆಟ್ ಸಾಗಣೆ ವಿಮಾನಗಳ, ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಜೊತೆ ಬಾಳಿದವರು ಎಷ್ಟು ಮಂದಿ? ಪೈಲಟ್ ಒಬ್ಬ ಇದ್ದಲ್ಲಿ ಎಂಜಿನ್ ಬಿಚ್ಚಿ ಕಟ್ಟಿದ ಫಿಟ್ಟರ್‌ಗಳಿದ್ದರು, ರೇಡಿಯೊ ನೋಡಿಕೊಂಡವರಿದ್ದರು. ತೆರೆದ ಬಾಗಿಲ ಬಳಿ ನಿಂತು ಮೂಟೆಗಳನ್ನು ಹೊರಕ್ಕೆ ತಳ್ಳಿದ ಆರ್ಮಿ ಸರ್ವಿಸ್ ಕೋರ್‌ನ ಜವಾನರಿದ್ದರು. ಆ ಕೋರ್‌ನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

ಈಗ ಬಾಗಿಲಿನ ವಿಷಯಕ್ಕೇ ಬರುತ್ತೇನೆ, ನಮ್ಮ ಕಸುಬಿನ ಮಾತು ಅದು. ಡಕೋಟಾದ ಸರಕಿನ ಬಾಗಿಲು ಹಿಂಭಾಗದಲ್ಲಿ, ಎಡಕ್ಕೆ. ಕಟ್ಟುವವರು ಅದನ್ನು ಮುಚ್ಚಿದಂತೆ ಅಚ್ಚು ಹಾಕಿ ಮುಗಿಸಿಬಿಡುತ್ತಾರೆ, ಸುಲಭ ನೋಡಿ. ಸರಕು ಬೀಳಿಸಲು ಹೋದ ಡಕೋಟಾದ ಬಾಗಿಲು ಕಳಚಿರುತ್ತಿತ್ತು. ಆ ಕಿಂಡಿಯನ್ನು ಕತ್ತರಿಸಿ ತೆರೆಯಿರಿ. ತೆರೆದರೆ ಒಳಗೆ ನೆಲ ಹಾಕಬೇಕಾಗುತ್ತದೆ. ಬಾಲದ ಚಕ್ರದ ವಿಮಾನವಾದ್ದರಿಂದ ನಿಂತಾಗ ನೆಲ ಹಿಂದಕ್ಕೆ ಇಳಿಜಾರು. ಆ ಇಳಿಜಾರಿನ ಮೇಲೆ ಅಕ್ಕಿಮೂಟೆಯನ್ನು ಮುಂದಕ್ಕೆ ಎಳೆದು ಕಟ್ಟಿದವರ ಬೆನ್ನು ಏನಾಗಿತ್ತು ಎಂಬುದು ನೆಲ ಅಂಟಿಸುವಾಗ ತಾನಾಗಿ ಹೊಳೆಯುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಲ್ಲರಿಗೂ 1:33ರ ಮೋಹ. ಪೋಲೆಂಡಿನ ಕಾಗದ ಮಾದರಿಗಳಿಂದ ಬಂದ ರೂಢಿ ಅದು, ವಿವರ ಚೆನ್ನಾಗಿ ಕೂರುತ್ತದೆ. ಆದರೆ 29 ಮೀಟರ್ ರೆಕ್ಕೆಯ ಡಕೋಟಾ ಆಗ 88 ಸೆಂಟಿಮೀಟರ್ ಆಗುತ್ತದೆ. ಎರಡು ಕೋಣೆಯ ಮನೆಯಲ್ಲಿರುವ ಹಿರಿಯರಿಗೆ ಅದನ್ನು ಕಾಣಿಕೆ ಕೊಟ್ಟರೆ ಸೊಸೆ ಅದನ್ನು ಅಟ್ಟಕ್ಕೇರಿಸುತ್ತಾಳೆ, ಅವಳದೇನೂ ತಪ್ಪಿಲ್ಲ. 1:100ರಲ್ಲಿ ಕಟ್ಟಿ; ಗೇಣಿಗಿಂತ ಸ್ವಲ್ಪ ಹೆಚ್ಚು, ಟಿ.ವಿ. ಪಕ್ಕ ಕೂರುತ್ತದೆ.

ಚೀತಾ ಹಾಗಲ್ಲ, 1:33ರಲ್ಲೇ ಕಟ್ಟಬಹುದು. ರೆಕ್ಕೆಚಕ್ರ 33 ಸೆಂಟಿಮೀಟರ್ ಅಷ್ಟೆ. ಎತ್ತರದ ಗಡಿಗಳಿಗಾಗಿ ಭಾರತ ಕೇಳಿದ ಮೇಲೆ ಫ್ರೆಂಚರು ರೂಪಿಸಿದ ಹೆಲಿಕಾಪ್ಟರ್, ಅಲ್ಲಿ ಅದರ ಹೆಸರು ಲಾಮಾ. 1972ರಲ್ಲಿ ಫ್ರೆಂಚ್ ಪೈಲಟ್ ಜಾನ್ ಬೂಲೆ ಅದನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು; ಎಂಜಿನ್ ಆರಿಹೋಗಿ, ರೆಕ್ಕೆ ಗಾಳಿಗೆ ತಿರುಗುತ್ತಿದ್ದ ಬಲದ ಮೇಲೆಯೇ ಕೆಳಗಿಳಿದರು. ನಮ್ಮ ಎಚ್‌ಎಎಲ್ ಅದನ್ನು ಪರವಾನಗಿ ಪಡೆದು ಬೆಂಗಳೂರಿನಲ್ಲಿ ತಯಾರಿಸಿತು. 1984ರ ಏಪ್ರಿಲ್‌ನಿಂದ ಸಿಯಾಚಿನ್‌ನ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಪತ್ರ, ಔಷಧಿ ಹೋಗುತ್ತಿದ್ದದ್ದು ಇದರಲ್ಲಿ, ಗಾಯಾಳುಗಳು ಬರುತ್ತಿದ್ದದ್ದೂ ಇದರಲ್ಲೇ. 2016ರ ಫೆಬ್ರುವರಿಯಲ್ಲಿ ಹಿಮದಡಿ ಆರು ದಿನ ಹೂತಿದ್ದು ಜೀವಂತ ಸಿಕ್ಕ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕೆಳಗೆ ತಂದದ್ದೂ ಹೆಲಿಕಾಪ್ಟರೇ. ಉಳಿಸಿಕೊಳ್ಳಲಾಗಲಿಲ್ಲ.

ಚೀತಾದ ಬಾಲಕ್ಕೆ ಹೊದಿಕೆಯಿಲ್ಲ, ಬರೀ ಕೊಳವೆಗಳ ಜಾಲ. ಕಾಗದದವರಿಗೆ ಅಲ್ಲೇ ಕಷ್ಟ. ರಟ್ಟಿನಲ್ಲಿ ಕತ್ತರಿಸಿದರೆ ಚಪ್ಪಟೆ ಏಣಿಯಂತೆ ಕಾಣುತ್ತದೆ. ತೆಳ್ಳನೆಯ ಕಾಗದಕ್ಕೆ ಅಂಟು ಸವರಿ ಸಣ್ಣ ತಂತಿಗೆ ಸುತ್ತಿ, ಅರ್ಧ ಒಣಗಿದಾಗ ತಂತಿ ಎಳೆಯಿರಿ. ಆ ಕೊಳವೆಗಳನ್ನು ನಕ್ಷೆಯ ಮೇಲಿಟ್ಟೇ ಜೋಡಿಸಿ. ಮಳೆಗಾಲದಲ್ಲಿ ಮಂಗಳೂರು ಕಡೆಯವರು ಈ ಕೆಲಸ ಹಿಡಿಯಬೇಡಿ, ಎಲ್ಲ ಸೊಟ್ಟಗಾಗುತ್ತದೆ. ಮುಂದಿನ ಗಾಜಿನ ಗುಮ್ಮಟಕ್ಕೆ ಪ್ಲಾಸ್ಟಿಕ್ ಹಾಳೆ ಬಳಸಬಹುದೇ ಎಂದು ನಮ್ಮಲ್ಲಿ ಮಡಿವಂತರು ಜಗಳಕ್ಕೆ ಬರುತ್ತಾರೆ. ಬಳಸಿ. ಒಳಗೆ ಕೂತವರು ಕಾಣಬೇಕು.

ಬಣ್ಣ ಹೊಳೆಯುವಂತೆ ವಾರ್ನಿಷ್ ಬಳಿಯುವುದನ್ನು ಮಾತ್ರ ಬಿಡಿ. ಈ ಯಂತ್ರಗಳು ಎಣ್ಣೆ ಸೋರಿ, ಹೊಗೆ ಹಿಡಿದು, ತೇಪೆ ಬಿದ್ದು ದುಡಿದವು. ಯಾವ ತೇಪೆ ಎಲ್ಲಿತ್ತು ಎಂದು ಬಲ್ಲವರು ಅದನ್ನು ಹಾಕಿದವರೇ. ಅದಕ್ಕೇ ನನ್ನ ಬೇಡಿಕೆ: ಕಟ್ಟಿ ಮುಗಿಸಿ ಶಾಲು ಹೊದಿಸಿ ಕೊಡುವ ಬದಲು, ಕಟ್ಟುವ ಮುಂಚೆ ಹೋಗಿ ಕೇಳಿ. ಯಾವ ಸ್ಕ್ವಾಡ್ರನ್, ಬಾಲದ ಮೇಲೆ ಯಾವ ನಂಬರ್, ಆ ವರ್ಷ ಯಾವ ಬಣ್ಣ, ನೀವು ಕೂರುತ್ತಿದ್ದದ್ದು ಎಲ್ಲಿ. 2018ರಲ್ಲಿ ಹೊಸ ಜೀವ ಪಡೆದು ವಾಯುಪಡೆಗೆ ಮರಳಿದ ‘ಪರಶುರಾಮ’ ಡಕೋಟಾಕ್ಕೆ ವಿಪಿ 905 ಎಂಬ ಹಳೆಯ ನಂಬರನ್ನೇ ಬರೆಸಿದ್ದು ಸುಮ್ಮನೆಯಲ್ಲ. ಶ್ರೀನಗರಕ್ಕೆ ಹೋದ ವಿಮಾನದ ನಂಬರದು. ಕೆಲವರು ಏನೂ ಹೇಳಲಿಚ್ಛಿಸುವುದಿಲ್ಲ. ಕೆದಕಬೇಡಿ, ಕಾಫಿ ಕುಡಿದು ಬನ್ನಿ.

ಹಿರಿಯರೇ, ಮಧ್ಯಾಹ್ನ ಊಟವಾದ ಮೇಲೆ ಮಾದರಿಗಳ ಹತ್ತಿರ ಬನ್ನಿ. ಪ್ರತಿ ಮಾದರಿಯ ಪಕ್ಕ ಪೆನ್ಸಿಲ್ ಇಟ್ಟಿದ್ದೇವೆ. ಆಂಟೆನಾ ತಪ್ಪಿದ್ದರೆ, ಬಾಗಿಲು ಮುಚ್ಚಿದ್ದರೆ, ನೀವು ಬಳಿದ ಬಣ್ಣ ಅದಲ್ಲದಿದ್ದರೆ, ಕಾಗದದ ಮೇಲೇ ಗುರುತು ಹಾಕಿ. ನಮ್ಮ ಹುಡುಗರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ನನಗೆ ಹೇಳಿ.